ಧೈರ್ಯ ತುಂಬುವ ದೊಡ್ಡಪ್ಪ

ಮಗುವಿನ ಹಲ್ಲು ಹುಳುಕಾದ ಸುದ್ದಿ ಡಾಕ್ಟರಿಗಿಂತ ಮೊದಲು ಮುಟ್ಟುವುದು ಧೈರ್ಯ ತುಂಬುವವರಿಗೆ. ಯಾರೂ ಕರೆದಿರುವುದಿಲ್ಲ, ಕ್ಲಿನಿಕ್ಕಿನ ಬಾಗಿಲಲ್ಲಿ ನಮಗಿಂತ ಮುಂಚೆ ಬಂದು ನಿಂತಿರುತ್ತಾರೆ. ನಮ್ಮ ಮನೆಗೆ ಈ ಸೇವೆ ಸಲ್ಲಿಸುತ್ತಿರುವವರು ನನ್ನ ಷಡ್ಡಕರು.

ಐದು ವರ್ಷದ ಮಗಳು ಆವತ್ತು ಮೀನಿನ ತೊಟ್ಟಿ ನೋಡುತ್ತಾ ತನ್ನ ಪಾಡಿಗೆ ತಾನಿದ್ದಳು. “ಹೆದರಬೇಡ ಪುಟ್ಟಿ, ಡಾಕ್ಟ್ರು ಸೂಜಿ ಚುಚ್ಚಲ್ಲ” ಎಂದರು ಷಡ್ಡಕರು. ಸೂಜಿಯ ಯೋಚನೆಯೇ ಇಲ್ಲದ ಮಗು ತಟ್ಟನೆ ತಿರುಗಿತು. “ಚುಚ್ಚಿದ್ರೂ ಇಷ್ಟೇ ಇಷ್ಟು. ಮಷೀನು ಗುಂಯ್ ಅನ್ನತ್ತೆ, ಬರೀ ಸೌಂಡು. ರಕ್ತ ಬಂದ್ರೆ ಉಗುಳಕ್ಕೆ ಬೇಸಿನ್ ಇದೆ.” ಒಂದೊಂದು ಅಭಯಕ್ಕೂ ಮಗಳು ನನ್ನ ಕಂಕುಳಿಗೆ ಇನ್ನಷ್ಟು ಸರಿದಳು. ಪಕ್ಕದಲ್ಲಿ ಕೂತಿದ್ದ ಯಾರದೋ ಹುಡುಗ ಅಳಲು ಶುರುಮಾಡಿದ. ಅವನಿಗೂ ಧೈರ್ಯ ಹೇಳಲು ಇವರು ಏಳುತ್ತಿದ್ದಂತೆ ಅವನ ತಾಯಿ ಬ್ಯಾಗೆತ್ತಿಕೊಂಡು ಹೊರಟೇಬಿಟ್ಟರು.

ಮಕ್ಕಳ ದಂತವೈದ್ಯರಿಗೆ 1959ರಿಂದಲೂ ಒಂದು ಪಾಠವಿದೆ: ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು. ನಮ್ಮ ಡಾಕ್ಟರಮ್ಮನೂ ಗಾಳಿಯ ಕೊಳವೆಯನ್ನು ಮಗಳ ಅಂಗೈಗೆ ಹಿಡಿದರು, ತಿರುಗುವ ಬ್ರಷ್ಷನ್ನು ಉಗುರಿಗೆ ತಾಗಿಸಿ ನಗಿಸಿದರು, ಅಂತೂ ಬಾಯಿ ತೆರೆಸಿದರು. ಆಗ ಬಾಗಿಲ ಸಂದಿಯಿಂದ ಕೇಳಿಬಂತು: “ನೋವಾದ್ರೆ ಜೋರಾಗಿ ಕಿರುಚು ಪುಟ್ಟಿ, ನಾನಿಲ್ಲೇ ಇದೀನಿ!” ಬಾಯಿ ಟಪ್ಪನೆ ಮುಚ್ಚಿತು. ಡಾಕ್ಟರಮ್ಮನ ಬೆರಳು ಒಳಗೇ ಇತ್ತು.

ಲವಂಗದೆಣ್ಣೆಯ ಮಹಿಮೆ, ಫೀಸಿನ ಚೌಕಾಸಿ ಇವೆಲ್ಲ ಇದ್ದದ್ದೇ. “ಬೀಳೋ ಹಲ್ಲಿಗೆ ಸಿಮೆಂಟು ಯಾಕಮ್ಮ?” ಎಂದೂ ಕೇಳಿದರು. ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಜಾಗ ಕಾಯಬೇಕು, ಮುಂಚೆಯೇ ಹೋದರೆ ಪಕ್ಕದ ಹಲ್ಲು ಸರಿದು ಕೆಳಗಿಂದ ಬರುವ ಹಲ್ಲಿಗೆ ದಾರಿ ಇರಲ್ಲ ಎಂದು ಡಾಕ್ಟರಮ್ಮ ಬೆರಳು ಉಜ್ಜಿಕೊಳ್ಳುತ್ತಲೇ ವಿವರಿಸಿದರು.

ಬೈಯೋಣವೆಂದರೆ ನನಗೆ ಬಾಯಿಲ್ಲ. ಮಷೀನು ಗುಂಯ್ ಎಂದಾಗ ಮಗಳ ಕೈ ಹಿಡಿದು ನಿಂತಿದ್ದ ನಾನೇ ಮೊದಲು ಕಣ್ಣು ಮುಚ್ಚಿದ್ದು.

ಷಡ್ಡಕರ ಹಳ್ಳಿಯಲ್ಲಿ ಹಲ್ಲಿನ ಡಾಕ್ಟರು ಅಂದರೆ ಬಾಗಿಲ ಚಿಲಕ ಮತ್ತು ಒಂದು ದಾರ. ಬಾಗಿಲು ಎಳೆದ ಅಣ್ಣಂದಿರು ನಕ್ಕರಂತೆ. ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದು ಆಡಲು ಓಡಿದರಂತೆ. ಹತ್ತಿರ ಕೂತು “ಏನೂ ಆಗಲ್ಲ” ಎಂದವರಿಲ್ಲ. ಈಗ ಅವರ ಬಲದವಡೆ ಪೂರ್ತಿ ಖಾಲಿ. ಚಕ್ಕುಲಿಯನ್ನು ಕಾಫಿಗೆ ಅದ್ದಿ ತಿನ್ನುತ್ತಾರೆ, ರುಚಿಗೆ ಎನ್ನುತ್ತಾರೆ.

ಬರುವ ಶನಿವಾರ ಮಗಳ ಹಲ್ಲಿಗೆ ಸ್ಟೀಲ್ ಕ್ಯಾಪು. ಈ ಸಲ ಷಡ್ಡಕರಿಗೆ ಸುಳಿವು ಕೊಡದೆ ಹೋಗಿಬರುವುದೆಂದು ನಾನೂ ಹೆಂಡತಿಯೂ ಗುಟ್ಟಾಗಿ ತೀರ್ಮಾನಿಸಿದ್ದೆವು. ಮಗಳೇ ಫೋನು ಮಾಡಿ ಕರೆದಿದ್ದಾಳೆ.