ನನಗೇನೂ ಇಲ್ಲ, ಬರಕೋರಿ

ಶಿರಗುಪ್ಪಿಯಲ್ಲಿ ಗಂಡಸರಿಗೆ ರೋಗ ಇರುವುದಿಲ್ಲ. ಶುಗರ್ ಇದ್ದರೆ ‘ಸ್ವಲ್ಪ ಐತಿ’, ಬಿಪಿ ಇದ್ದರೆ ‘ಗುಳಗಿ ನಡದಾವ’. ಗುಳಗಿ ನಡೆದಿರುವವನು ರೋಗಿ ಹೇಗಾದಾನು? ತೀರ ಹಾಸಿಗೆ ಹಿಡಿದ ಮೇಲೆ ಕಾಗವಾಡ ದಾಟಿಸಿ ಮಹಾರಾಷ್ಟ್ರದ ಮಿರಜಿಗೆ ಒಯ್ಯುತ್ತಾರೆ. ವಾನ್ಲೆಸ್ ಸಾಹೇಬರು 1894ರಲ್ಲಿ ಅಲ್ಲಿ ಮಿಶನ್ ದವಾಖಾನಿ ತೆರೆದಂದಿನಿಂದ ಕೃಷ್ಣೆಯ ದಂಡೆಯ ಕನ್ನಡಿಗರಾದ ನಾವು ಮರಾಠಿಯಲ್ಲಿ ನರಳುವುದನ್ನು ಕಲಿತಿದ್ದೇವೆ.

ಇಂಥ ಊರಿನ ನಿರೋಗಿಯಾದ ನನ್ನನ್ನು, ಜೊತೆಗೆ ಮನೆಯಾಕೆಯನ್ನು, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿರುವ ಮಗ ಕರೆಸಿಕೊಂಡ. ಮೊಮ್ಮಗಳು ಹುಟ್ಟಿದ್ದಳು. ವೀಸಾದ ಕಾಗದಗಳ ಪಟ್ಟಿಯಲ್ಲಿ ಪ್ರವಾಸದ ಆರೋಗ್ಯ ವಿಮೆ ಅಂತ ಒಂದಿತ್ತು. ಷೆಂಗೆನ್ ದೇಶಗಳಿಗೆ ಕಾಲಿಡುವವನ ಮೇಲೆ ಕನಿಷ್ಠ 30,000 ಯೂರೋ ವಿಮೆ ಇರಲೇಬೇಕಂತೆ. ನಮ್ಮ ಲೆಕ್ಕದಲ್ಲಿ ಸುಮಾರು ಮೂವತ್ತು ಲಕ್ಷ. ನನ್ನ ಮೇಲೆ ಅಷ್ಟು ಹಣ ಇರುತ್ತದೆ ಎಂದು ಕೇಳಿದ ಮನೆಯಾಕೆ, ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಿನಗ ಅಲ್ಲಿ ವಿಮಾ ಐತಿ ಅಂತೀಯಲ್ಲೋ, ಅದರಾಗ ನಮ್ಮನ್ನೂ ಹಾಕಿಬಿಡು” ಅಂದಳು ಮಗನಿಗೆ, ವಿಡಿಯೋ ಕಾಲಿನಲ್ಲಿ.

ಅವನು ಸಮಾಧಾನದಿಂದ ಬಿಡಿಸಿ ಹೇಳಿದ. ಅಲ್ಲಿ ಸಂಬಳದ ಶೇಕಡಾ 14.6ರಷ್ಟು, ಅದರ ಮೇಲೆ ಇನ್ನೊಂದಿಷ್ಟು ಸರಕಾರಿ ಪದ್ಧತಿಯ ಆರೋಗ್ಯ ವಿಮೆಗೆ ಹೋಗುತ್ತದೆ. ಅರ್ಧ ಅವನದು, ಅರ್ಧ ಕಂಪನಿಯದು. ಗಳಿಕೆ ಇಲ್ಲದ ಹೆಂಡತಿ, ಮಕ್ಕಳು ಅದರೊಳಗೆ ಪುಕ್ಕಟೆ ಸೇರುತ್ತಾರೆ. ತಂದೆತಾಯಿ ಸೇರುವುದಿಲ್ಲ.

“ಹೇಣ್ತಿ ಪುಕ್ಕಟೆ? ಹಡದಾಕಿ ಹೊರಗ?”

“ಅವ್ವಾ, ಕಾನೂನು ನಾ ಮಾಡಿಲ್ಲ. ಬಿಸ್ಮಾರ್ಕ್ ಅಂತ ಇದ್ದ, 1883ರಾಗ ಶುರು ಮಾಡ್ಯಾನ.”

“ಅವಗ ತಾಯಿ ಇದ್ದಿದ್ದಿಲ್ಲೇನು?”

ಜರ್ಮನಿಯನ್ನು ಒಂದುಗೂಡಿಸಿದ ಉಕ್ಕಿನ ಮನುಷ್ಯನ ಮೇಲೆ ನಮ್ಮ ಅಡುಗೆಮನೆಯಲ್ಲಿ ಆಮೇಲೆ ಒಂದು ವಾರ ವಿಚಾರಣೆ ನಡೆಯಿತು. ಫೋನಿನ ಮೂಲೆಯಲ್ಲಿ ಕಾಣುತ್ತಿದ್ದ ಸೊಸೆ ಮೆಲ್ಲಗೆ ಮಗುವನ್ನೆತ್ತಿಕೊಂಡು ಒಳಗೆ ಹೋದದ್ದನ್ನು ನಾನೊಬ್ಬನೇ ಗಮನಿಸಿದೆ. ಗಮನಿಸಿ ಸುಮ್ಮನಿದ್ದೆ, ನನ್ನ ದಾಂಪತ್ಯ ಇಷ್ಟು ಕಾಲ ನಿಂತಿರುವುದೇ ಆ ಕಸುಬಿನ ಮೇಲೆ.

ವಿಮೆ ಕೊಳ್ಳಲೇಬೇಕು ಎಂದಾದ ಮೇಲೆ ನನ್ನೊಳಗಿನ ಲೆಕ್ಕಿಗ ಎದ್ದ. ಏಜೆಂಟ ಹುಡುಗ ಬಂದು ಕುಳಿತು ಪ್ರೀಮಿಯಂ ಹೇಳಿದ್ದೇ ತಡ, ನಾನು ಟ್ರಂಕಿನಿಂದ ಒಂದೊಂದೇ ಕಾರ್ಡು ಹೊರತೆಗೆದೆ. ಯಶಸ್ವಿನಿ ಕಾರ್ಡು: ಸಹಕಾರಿ ಸಂಘದ ಸದಸ್ಯರಿಗೆಂದು 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಎದ್ದು ಬಂದದ್ದು, ಐದು ಲಕ್ಷದ ತನಕ. ಎಪ್ಪತ್ತು ತುಂಬಿದವರಿಗೆಂದು ಕೇಂದ್ರದವರು 2024ರ ಅಕ್ಟೋಬರಿನಲ್ಲಿ ತಂದ ಆಯುಷ್ಮಾನ್ ವಯೋವಂದನ: ಇನ್ನೊಂದು ಐದು ಲಕ್ಷ. “ಹತ್ತ ಲಕ್ಷ ಇಲ್ಲೇ ಆತು. ಉಳದ ಇಪ್ಪತ್ತಕ್ಕ ಏನ್ ತಗೋತಿ ಹೇಳು” ಅಂದೆ.

ಹುಡುಗ ಚಹಾದ ಕಪ್ಪು ಕೆಳಗಿಟ್ಟ. “ಕಾಕಾ, ಇವು ಸಮುದ್ರ ದಾಟಂಗಿಲ್ರಿ.”

ಆಗ ನನಗೆ ನೆನಪಾದದ್ದು ಗಲ್ಫಿಗೆ ಹೋದ ನಮ್ಮ ಓಣಿಯ ಹುಡುಗ. ಇಸಿಆರ್, ಅಂದರೆ ಹೊರಡುವ ಮೊದಲು ಸರಕಾರದ ಪರವಾನಗಿ ಬೇಕಾದ, ಪಾಸ್‌ಪೋರ್ಟಿನ ಮೇಲೆ ದುಡಿಯಲು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 10 ಲಕ್ಷದ ಅಪಘಾತ ವಿಮೆ, ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ, ಮೇಲೆ ತೆರಿಗೆ. ಇನ್ನೂರಾ ಎಪ್ಪತ್ತೈದು! ನಮ್ಮ ಭಾಗದಲ್ಲಿ ಆ ದುಡ್ಡಿಗೆ ಒಂದು ಊಟ, ಒಂದು ಬೀಡಾ. “ನನಗೂ ಅದನ್ನ ಹಚ್ಚು” ಅಂದೆ.

“ಅದು ದುಡ್ಯಾಕ ಹೋಗವರಿಗ್ರಿ.”

“ನಾನೂ ದುಡ್ಯಾಕ ಹೊಂಟೇನಿ. ಮೊಮ್ಮಗಳನ್ನ ಆಡಸೂದು, ಭಾಂಡಿ ತಿಕ್ಕೂದು ಕೆಲಸ ಅಲ್ಲೇನು?”

“ನಲವತ್ತ ವರ್ಷದಾಗ ಇಲ್ಲಿ ಒಂದ ಬಟ್ಟಲ ತೊಳದಿಲ್ಲ” ಎಂಬ ಸಾಕ್ಷಿ ಅಡುಗೆಮನೆಯಿಂದ ಬಂತು. ಅದಲ್ಲದೆ ಆ ಯೋಜನೆಯ ದೇಶಗಳಲ್ಲಿ ಜರ್ಮನಿ ಇಲ್ಲವೇ ಇಲ್ಲ.

ಮುಂದಿನ ತೊಡಕು ವಯಸ್ಸು. ಹಳೆಯ ಕಾಲದಲ್ಲಿ ಸಾಲೆಗೆ ಹೆಸರು ಹಚ್ಚಿದವರೆಲ್ಲ ಜೂನ್ 1ರಂದೇ ಹುಟ್ಟಿದವರು. ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ಬರೆದುಕೊಳ್ಳುತ್ತಿದ್ದರು. ನಾನು ಎತ್ತರದವ. ಕಾಗದದ ಮೇಲೆ ನನಗೆ ಎಪ್ಪತ್ತಾಗಿದೆ. ವಯೋವಂದನ ಕಾರ್ಡಿಗೆ ಬೆರಳೊತ್ತುವಾಗ ಈ ಎಪ್ಪತ್ತನ್ನು ನಾನು ಹೆಮ್ಮೆಯಿಂದ ಒಪ್ಪಿದ್ದೆ. ಎಪ್ಪತ್ತಕ್ಕೆ ಪ್ರೀಮಿಯಂ ಒಮ್ಮೆಲೇ ಜಿಗಿಯುತ್ತದೆ ಎಂದು ಏಜೆಂಟ ಹೇಳಿದ ಗಳಿಗೆಯಲ್ಲಿ, ನನ್ನ ಖರೆ ವಯಸ್ಸು ಅರವತ್ತೆಂಟು ಎಂಬ ಸತ್ಯ ಎದೆಯೊಳಗಿಂದ ಉಕ್ಕಿತು. ಹುಡುಗ ಪಾಸ್‌ಪೋರ್ಟನ್ನು ತಿರುಗಿಸಿ ನನ್ನ ಮುಂದೆ ಹಿಡಿದ. ಮಾತು ಮುಗಿಯಿತು.

ಆಮೇಲೆ ಬಂತು ನೋಡಿ, ‘ಈಗಾಗಲೇ ಇರುವ ಕಾಯಿಲೆಗಳು’ ಎಂಬ ಕಾಲಂ.

“ನನಗೇನೂ ಇಲ್ಲ, ಬರಕೋ” ಅಂದೆ.

ಮನೆಯಾಕೆ ಕೈ ಒರೆಸುತ್ತ ಹೊರಗೆ ಬಂದಳು. ಬಿಪಿ, ಅದರ ಗುಳಗಿಯ ಹೆಸರು, ಎಷ್ಟು ಎಂಜಿ. ಶುಗರ್, ಊಟದ ಮುಂಚೆ ಒಂದು, ಆಮೇಲೆ ಒಂದು. ಮೊಣಕಾಲು. ಮಿರಜಿನಲ್ಲಿ ತೆಗೆಸಿದ ಪಿತ್ತಕೋಶದ ಕಲ್ಲು. ರಾತ್ರಿ ಏಳುವುದು. ಗೊರಕೆ. “ಗೊರಕಿ ಬ್ಯಾಡ್ರಿ ಕಾಕು” ಎಂದು ಹುಡುಗ ಕೈಮುಗಿದ. ಕೊಟ್ಟ ಜಾಗ ಸಾಲದೆ ಅವನು ಬೇರೆ ಹಾಳೆ ತೆಗೆದ. ನನ್ನೊಳಗೆ ಇಷ್ಟೆಲ್ಲ ವ್ಯವಹಾರ ನಡೆದಿದೆ ಎಂಬುದನ್ನು ಒಟ್ಟಿಗೆ ಕೇಳಿದ್ದು ನಾನು ಅದೇ ಮೊದಲು. ಕೇಳುತ್ತ ಕೇಳುತ್ತ ಬಿಪಿ ಏರಿತು.

ಅವಳ ಸರದಿ ಬಂದಾಗ ನಾನು ಸೇಡಿಗೆ ಸಿದ್ಧನಾದೆ. ಹೇಳಲು ಬಾಯಿ ತೆರೆದರೆ ಒಂದೂ ನೆನಪಾಗಲಿಲ್ಲ. “ಇಕಿಗೇನೂ ಇಲ್ಲ, ಗಟ್ಟಿ ಅದಾಳ” ಅಂದೆ. ಥೈರಾಯ್ಡಿನ ಗುಳಗಿಯನ್ನು ಅವಳು ವರ್ಷಗಳಿಂದ ನಸುಕಿನಲ್ಲೇ ಎದ್ದು ನುಂಗುತ್ತಾಳೆ ಎಂದು ನನಗೆ ಹೇಳಿದವನು ಸ್ಟುಟ್‌ಗಾರ್ಟಿನ ಮಗ.

ಇಷ್ಟೆಲ್ಲ ಬರೆಸಿಕೊಂಡ ಮೇಲೆ ಏಜೆಂಟ ಮೆಲ್ಲಗೆ ತಿಳಿಸಿದ: ಬರೆಸಿದ ಈ ಕಾಯಿಲೆಗಳಿಗೆ ಪಾಲಿಸಿ ದುಡ್ಡು ಕೊಡುವುದಿಲ್ಲ, ಪ್ರಾಣಕ್ಕೆ ಬಂದರೆ ಮಾತ್ರ. ಹೊಸದಾಗಿ ಏನಾದರೂ ಆದರೆ ಕೊಡುತ್ತದೆ. ಬರೆಸದೆ ಮುಚ್ಚಿಟ್ಟರೆ ಹೊಸದಕ್ಕೂ ಕೊಡದಿರಬಹುದು. ಮತ್ತೆ, ಅಲ್ಲೇ ತೀರಿಕೊಂಡರೆ ದೇಹವನ್ನು ಊರಿಗೆ ತಲುಪಿಸುವ ಖರ್ಚು ಒಳಗೇ ಇದೆ. ವೀಸಾದ ನಿಯಮವೇ ಹಾಗೆ.

“ಹೊಂಡೂ ಮೊದಲ ಏನ್ ಮಾತದು! ಅಳಸ ಅದನ್ನ” ಎಂದು ಮನೆಯಾಕೆ ಕೂಗಿದಳು. ನಾನು ಮಾತ್ರ ಒಳಗೊಳಗೇ ಬರುವ ಟಿಕೇಟಿನ ದುಡ್ಡು ಕಳೆದು ನೋಡುತ್ತಿದ್ದೆ.

ಜರ್ಮನಿಯಲ್ಲಿ ಮೊಮ್ಮಗಳು ಚಂದ, ಊರು ಚೊಕ್ಕಟ, ಅದನ್ನೆಲ್ಲ ಬೇರೆಯವರು ಬರೆದಿದ್ದಾರೆ. ನನ್ನನ್ನು ಕಾಡಿದ್ದು ಒಂದೇ: ದುಡ್ಡು ಕಟ್ಟಿದ್ದೇನೆ, ಏನೂ ಆಗುತ್ತಿಲ್ಲ. ಬೆಳಿಗ್ಗೆ ಎದ್ದು ಎಲ್ಲಾದರೂ ಹೊಸ ನೋವು ಹುಟ್ಟಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮೊಣಕಾಲು ನೋಯುತ್ತಿತ್ತು, ಆದರೆ ಅದು ಹಳೆಯದು, ಲೆಕ್ಕಕ್ಕಿಲ್ಲ. ಕಡೆಗೊಂದು ದಿನ ಗಂಟಲು ಕೆರೆದು ಜ್ವರ ಬಂತು. ಹೊಚ್ಚಹೊಸ ಜ್ವರ! ನಾನೇ ಸ್ವೆಟರು ಹಾಕಿಕೊಂಡು ಬಾಗಿಲಲ್ಲಿ ನಿಂತೆ.

ಡಾಕ್ಟರಮ್ಮ ಗಂಟಲು ನೋಡಿದಳು, ಎದೆ ಕೇಳಿದಳು, ಬಿಸಿ ಚಹಾ ಕುಡಿದು ಮಲಗಿರಿ ಎಂದಳು. ಸೂಜಿ ಇಲ್ಲ, ಸಲೈನ್ ಇಲ್ಲ, ಬಣ್ಣದ ಗುಳಗಿಯೂ ಇಲ್ಲ. ಸೂಜಿ ಚುಚ್ಚದೆ ದುಡ್ಡು ಕೇಳುವ ಡಾಕ್ಟರು ಶಿರಗುಪ್ಪಿಯಲ್ಲಿ ಒಂದು ವಾರವೂ ಬಾಳಲಾರ. ಅಲ್ಲಿ ದುಡ್ಡನ್ನು ಆಗಲೇ ಕೇಳಲೂ ಇಲ್ಲ. ಕೆಲವು ದಿನಗಳ ಮೇಲೆ ಬಿಲ್ಲು ಅಂಚೆಯಲ್ಲಿ ಬಂತು. ಮಗ ಕಟ್ಟಿದ. ನಾನು ಆ ಬಿಲ್ಲಿನ ಫೋಟೋ ತೆಗೆದು ಗೆದ್ದವನಂತೆ ಏಜೆಂಟನಿಗೆ ಕಳಿಸಿದೆ.

ಉತ್ತರ ಬಂತು: “ಕಾಕಾ, ಡಿಡಕ್ಟಿಬಲ್ 100 ಡಾಲರ್ ಐತ್ರಿ. ನಿಮ್ಮ ಬಿಲ್ ಅದಕ್ಕಿಂತ ಕಡಿಮಿ ಐತಿ. ಏನೂ ಬರಂಗಿಲ್ರಿ.” ಅಂದರೆ ಮೊದಲ ನೂರು ಡಾಲರಿನ ಜಡ್ಡು ನಮ್ಮ ಖರ್ಚಿನದು. ಇನ್ನೂ ಜೋರಾದ ಜ್ವರ ಬರಬೇಕಿತ್ತು.

ಜುಗೂಳ, ಉಗಾರ, ಶೇಡಬಾಳದ ಕಡೆಯಿಂದ ಮಕ್ಕಳ ಹತ್ತಿರ ಹೊರಟಿರುವ ಹಿರಿಯರೇ, ಆ ಡಿಡಕ್ಟಿಬಲ್ ಎಷ್ಟೆಂದು ಸಹಿ ಹಾಕುವ ಮೊದಲೇ ಕೇಳಿ. ಗುಳಗಿಗಳನ್ನು ಇಲ್ಲಿಂದಲೇ ಒಯ್ಯಿರಿ. ಸ್ವಂತಕ್ಕೆಂದು ಮೂರು ತಿಂಗಳ ಮಟ್ಟಿಗೆ ಒಯ್ದರೆ ಜರ್ಮನಿಯಲ್ಲಿ ಅಡ್ಡಿಯಿಲ್ಲ, ಡಾಕ್ಟರ ಚೀಟಿ ಜೊತೆಗಿರಲಿ. ಕಾಯಿಲೆಯ ಕಾಲಂ ಬಂದಾಗ ಪೆನ್ನನ್ನು ಮಾತ್ರ ನೀವು ಹಿಡಿಯಬೇಡಿ, ನಿಮ್ಮ ಮನೆಯವರ ಕೈಗೆ ಕೊಡಿ. ಅವರ ಕಾಲಂ ತುಂಬುವಾಗ ಅವರನ್ನೇ ಕೇಳಿ.