ಡಾಕ್ಟ್ರು ಓಡಿಸಿದ ಗಾಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದಾರೆ. ಹಾಗಂತ ಮಾರುವವರು ಹೇಳುತ್ತಾರೆ. "ಡಾಕ್ಟ್ರು ಓಡಿಸಿದ ಗಾಡಿ ಮೇಡಂ. ಆಸ್ಪತ್ರೆ-ಮನೆ, ಆಸ್ಪತ್ರೆ-ಮನೆ, ಅಷ್ಟೆ." ಇದು ನಿಜವಾಗಿದ್ದರೆ ನಮ್ಮ ಕಡೆ ಮನೆಗೊಬ್ಬ ಡಾಕ್ಟರು ಇರಬೇಕಿತ್ತು, ಸ್ವಲ್ಪ ಹೆಚ್ಚುಕಡಿಮೆಯಾದರೆ ನಾವು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕಿರಲಿಲ್ಲ. ಡಾಕ್ಟರು ಸಾಲದೆ ಬಂದಾಗ "ಲೇಡಿ ಟೀಚರ್ ಓಡಿಸಿದ್ದು" ಎನ್ನುತ್ತಾರೆ. ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಮ್ಮ ಮನೆಯವರು ಗಾಡಿಯ ಕಡೆ ತಿರುಗಿಯೂ ನೋಡದೆ, ನನ್ನ ಮುಖ ನೋಡಿ, "ಬೇಡ, ನಡಿ" ಅಂದರು. ನಾನು ಹೈಸ್ಕೂಲಿನ ಗಣಿತದ ಟೀಚರು. ನನ್ನ ಎಡಗಾಲು ಕ್ಲಚ್ಚಿನಿಂದ ಇಳಿಯುವುದು ಕಾರು ನಿಂತ ಮೇಲೇ ಎನ್ನುವುದು ಅವರಿಗೆ ಗೊತ್ತಿತ್ತು.

ಕಾರಿನ ಮಾತು ಮನೆಯೊಳಗೆ ಬಂದದ್ದು ನನ್ನ ವರ್ಗಾವಣೆಯ ಜೊತೆಗೆ. ಮನೆ ಶೃಂಗೇರಿಯ ಮಗ್ಗುಲಿಗೆ, ಶಾಲೆ ಎನ್.ಆರ್. ಪುರದ ಕಡೆ. ಕೊಪ್ಪಕ್ಕೆ ಮೂವತ್ತರ ಹತ್ತಿರ, ಅಲ್ಲಿಂದ ಮುಂದೆ ಇಪ್ಪತ್ತರ ಮೇಲೆ. ಹೋಗಿ ಬಂದರೆ ನೂರು ಕಿಲೋಮೀಟರಿಗೆ ಮೋಸವಿಲ್ಲ. ಹಿಂದಾದರೆ ಸಹಕಾರ ಸಾರಿಗೆ ಇತ್ತು. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅಲ್ಲಿನ ನೌಕರರೇ ಒಟ್ಟಾಗಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ. ಡ್ರೈವರು, ಕಂಡಕ್ಟರೇ ಅದರ ಮಾಲೀಕರು. ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತಿತ್ತು. 2020ರಲ್ಲಿ ಅದೂ ಓಡಾಟ ನಿಲ್ಲಿಸಿತು. ಆಮೇಲೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾಯಿತು. ಬೆಂಗಳೂರಿನ ನಾದಿನಿ ಫೋನು ಮಾಡಿ, "ನಿಮಗೇನು ಅತ್ತಿಗೆ, ಎಲ್ಲ ಫ್ರೀ" ಅಂದಳು. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಬಹುಪಾಲು ಓಡುವುದು ಖಾಸಗಿ ಬಸ್ಸು ಅಂತ ಅವಳಿಗೆ ಮರೆತುಹೋಗಿದೆ. ನನಗೆ ಉಚಿತ ಪ್ರಯಾಣದ ಹಕ್ಕಿದೆ, ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಬಸ್ಸಿಲ್ಲ. ಈ ಚರ್ಚೆ ನಡೆದಾಗಲೆಲ್ಲ ಮಾವ ಕವಳ ಬಾಯಲ್ಲಿಟ್ಟುಕೊಂಡೇ, "ತರೀಕೆರೆಯಿಂದ ಎನ್.ಆರ್. ಪುರಕ್ಕೆ ಆ ಕಾಲದಲ್ಲಿ ರೈಲೇ ಇತ್ತು" ಎಂದು ಸೇರಿಸುತ್ತಾರೆ. ಇದ್ದದ್ದು ನಿಜ, ಪುಟ್ಟ ರೈಲು. ಆದರೆ ಆ ರೈಲು ಈಗಿದ್ದರೂ ನಾನು ಹತ್ತಬೇಕಾದರೆ ಮೊದಲು ತರೀಕೆರೆಗೆ ಹೋಗಬೇಕು.

ಸ್ಕೂಟರಿನ ಮಾತು ಮಳೆಗಾಲದಲ್ಲಿ ತೆಗೆಯುವ ಹಾಗಿಲ್ಲ. ನಮ್ಮ ಪಕ್ಕದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ಇದ್ದಾನೆ, ಮಳೆ ದೇವರು. ಮಳೆ ಬರಲಿ ಅಂತಲೂ ಅವನಿಗೇ ಪೂಜೆ, ಸಾಕು ನಿಲ್ಲಲಿ ಅಂತಲೂ ಅವನಿಗೇ ಪೂಜೆ. ಮೊದಲನೆಯ ಅರ್ಜಿಯ ಮೇಲೆ ಅವನಿಗೆ ಒಲವು ಹೆಚ್ಚು.

ಹಾಗಾಗಿ ಹಳೇ ಕಾರು ಎಂದು ತೀರ್ಮಾನವಾಯಿತು. ಬಜೆಟ್ಟು ಮೂರೂವರೆ ಲಕ್ಷ. ಅರ್ಧ ನನ್ನ ಸಂಬಳದ ಉಳಿತಾಯ, ಅರ್ಧ ಅಡಿಕೆ. ಶೃಂಗೇರಿ, ಕೊಪ್ಪದ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದು ದಶಕಗಳಾದವು, ಈಚೆಗೆ ಎಲೆಚುಕ್ಕಿಯೂ ಜೊತೆಯಾಗಿದೆ. ಉಳಿದ ನಾಲ್ಕು ಮರದ ಅಡಿಕೆಯನ್ನು ಮನೆಯವರು "ರೇಟು ಇನ್ನೊಂಚೂರು ಏರಲಿ" ಎಂದು ಅಟ್ಟದ ಮೇಲಿಟ್ಟು ಕಾಯುತ್ತಿದ್ದರು. ಅವರು ಅಡಿಕೆಯ ರೇಟು ಏರಲಿ ಅಂತ, ನಾನು ಕಾರಿನ ರೇಟು ಇಳಿಯಲಿ ಅಂತ. ಒಂದೇ ಮನೆಯಲ್ಲಿ ಎರಡು ಮಾರುಕಟ್ಟೆ.

ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ. ಪೆಟ್ರೋಲ್ ಗಾಡಿ ಲೀಟರಿಗೆ ಹದಿನೆಂಟು ಕೊಟ್ಟರೆ ದಿನಕ್ಕೆ ಐದೂವರೆ ಲೀಟರು, ಲೀಟರಿಗೆ ನೂರರ ಮೇಲೆ. ತಿಂಗಳಿಗೆ ಹದಿನಾಲ್ಕು ಸಾವಿರ. ಡೀಸೆಲ್ ಗಾಡಿ ಇಪ್ಪತ್ತೆರಡು ಕೊಟ್ಟರೆ ತಿಂಗಳಿಗೆ ನಾಲ್ಕು ಸಾವಿರ ಉಳಿತಾಯ. ಕೆಂಪು ಇಂಕಿನಲ್ಲಿ ಅಡಿಗೆರೆ ಎಳೆದು ತೋರಿಸಿದೆ. ಮನೆಯವರು ಕನ್ನಡಕ ಏರಿಸಿ, "ಇದರಲ್ಲಿ ಪಾಸಾಗಿದ್ದು ಯಾರು?" ಅಂದರು.

ಕಾರು ಓಡಿಸುವವಳು ನಾನೊಬ್ಬಳೇ. ಆದರೆ ಆರಿಸುವ ಸಮಿತಿಯಲ್ಲಿ ನನ್ನದು ಐದನೆಯ ಸ್ಥಾನ. ಮನೆಯವರಿಗೆ ಬೇಕಾದದ್ದು ಕಾರಲ್ಲ, ಎರಡು ಚೀಲ ಗೊರಬಲು ಅಡಿಕೆ, ಒಂದು ಬೋರ್ಡೋ ದ್ರಾವಣದ ಡ್ರಮ್ಮು, ಸಮಯ ಬಿದ್ದರೆ ಒಂದು ಕರು ಹಿಡಿಸುವಂಥದ್ದು. ಓಮ್ನಿ ತಯಾರಿಕೆ 2019ರಲ್ಲಿ ನಿಂತದ್ದನ್ನು ಅವರು ಮನೆಯ ಹಿರಿಯರು ಹೋದಷ್ಟೇ ದುಃಖದಿಂದ ಹೇಳುತ್ತಾರೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮಗ, "ಅಮ್ಮ, 2019ರ ಏಪ್ರಿಲಿಂದ ಎಬಿಎಸ್, ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅದಕ್ಕಿಂತ ಹಳೇದು ಬೇಡ" ಅಂದ. ಅವನು ಹೇಳಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. ಉಳಿದದ್ದೆಲ್ಲ ಟಚ್ ಸ್ಕ್ರೀನು. ನಾದಿನಿಯ ಗಂಡ ಇಲೆಕ್ಟ್ರಿಕ್ ಕಾರು ತಗೊಳ್ಳಿ ಎಂದರು. ಅತ್ತೆ ಅಡುಗೆಮನೆಯಿಂದಲೇ, "ಆಷಾಢದಲ್ಲಿ ಕರೆಂಟು ಹೋದ್ರೆ ಮೊಬೈಲಿಗೇ ಜೀವ ಇರಲ್ಲ, ಇನ್ನು ಕಾರಿಗೆ ಎಂಥ ಕೊಡ್ತೀರಿ, ಸೀಮೆಎಣ್ಣೆಯಾ?" ಎಂದು ಆ ವಿಷಯವನ್ನು ಮುಗಿಸಿದರು.

ಅತ್ತೆಯವರದ್ದು ಒಂದೇ ಪರೀಕ್ಷೆ, ಮಂಡಿ. ಮಾರುವವರ ಅಂಗಳದಲ್ಲಿ ಬಾಗಿಲು ತೆಗೆಸಿ ಕೂತು ಏಳುತ್ತಾರೆ. ನಾನು ಮೈಲೇಜಿನಲ್ಲಿ ಮೊದಲ ರ್‍ಯಾಂಕು ಕೊಟ್ಟಿದ್ದ ಒಂದು ಕಾರಿಗೆ ಅವರು ಕೊಟ್ಟ ತೀರ್ಪು: "ಕೂರಕ್ಕೆ ಬೀಳ್ಬೇಕು, ಇಳಿಯಕ್ಕೆ ಇಬ್ರು ಎಳೀಬೇಕು. ಎಂಥ ಗಾಡಿ ಮಾರಾಯ್ತಿ ಇದು?" ವರ್ಷಕ್ಕೊಮ್ಮೆ ಹೊರನಾಡಿಗೆ ಹೋಗುವ ಮಂಡಿಯ ಸಲುವಾಗಿ ದಿನಾ ನೂರು ಕಿಲೋಮೀಟರ್ ಓಡುವ ಕಾರನ್ನು ಬಿಡಬೇಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ನನ್ನ ಕೈಗೆ ಡಬ್ಬಿ ಕೊಡುವವರು ಅವರೇ.

ನೋಡಲು ಹೋದ ಕಡೆಯೆಲ್ಲ ನಮ್ಮ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋಗುತ್ತಿದ್ದೆವು. ಮಾತು ಕಡಿಮೆಯ ಮನುಷ್ಯ. ಕೆಎ-20 ನಂಬರಿನ ಒಂದು ಗಾಡಿ, ಬಣ್ಣ ಮಿರಮಿರ ಮಿಂಚುತ್ತಿತ್ತು. ನಾನು ನೋಟ್‌ಬುಕ್ ತೆಗೆಯುವಷ್ಟರಲ್ಲಿ ಅವನು ಬಗ್ಗಿ ಬಾಗಿಲ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದ. ತಗಡು ಹಪ್ಪಳದ ಹಾಗೆ ಮುರಿಯಿತು. "ಸಮುದ್ರದ ಗಾಳಿ" ಅಂದ, ಎದ್ದು ಕೈ ಒರೆಸಿಕೊಂಡ. ಇನ್ನೊಂದರ ಹತ್ತಿರ ಹೋದವನೇ ಬಾನೆಟ್ ಕಡೆ ನೋಡಲೂ ಇಲ್ಲ. ಮುಂದಿನ ಸೀಟ್ ಬೆಲ್ಟನ್ನು ಹಿಡಿದು ಪೂರ್ತಿ ಕೊನೆಯವರೆಗೂ ಎಳೆದ. ಸಾಮಾನ್ಯವಾಗಿ ಹೊರಗೇ ಬಾರದ ಆ ಕೊನೆಯ ಗೇಣು ಪಟ್ಟಿಯಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ, ಅದರ ಕೆಳಗೆಲ್ಲ ಒಣಗಿದ ಕೆಸರು. ಸೀಟು ತೊಳೆದಿದ್ದರು, ಮ್ಯಾಟು ಹೊಸದು ಹಾಕಿದ್ದರು, ಸುಗಂಧದ ಡಬ್ಬಿ ತೂಗುಹಾಕಿದ್ದರು. ಬೆಲ್ಟಿನ ಕೊನೆ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. "2019ರ ಆಗಸ್ಟು" ಎಂದ ಮೆಕ್ಯಾನಿಕ್. ಆ ನೆರೆಯ ವರ್ಷ ನಮ್ಮ ಕಡೆ ಯಾರಿಗೆ ಮರೆತೀತು? ಮಾರುವವರು ಮಾತ್ರ ಆಗಲೂ, "ಡಾಕ್ಟ್ರು ಓಡಿಸಿದ್ದು" ಅಂದರು. ಈಜಿಸಿದ್ದೂ ಅವರೇ ಇರಬೇಕು.

ನಾನೂ ಒಂದು ಕಡೆ ಗೆದ್ದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. "ಟೈರು ಹೊಸದು ಮೇಡಂ, ಹೋದ ವರ್ಷ ಹಾಕಿಸಿದ್ದು" ಎಂದವರ ಮುಂದೆ ಕೂತು 2316 ಎಂದು ಓದಿ, "2016ನೇ ಇಸವಿಯ ಇಪ್ಪತ್ಮೂರನೇ ವಾರ, ಅಂದ್ರೆ ಜೂನ್ ಮೊದಲ ಭಾಗ, ಶಾಲೆ ಶುರುವಾಗಿತ್ತು" ಎಂದೆ. ಎಲ್ಲರೂ ಸುಮ್ಮನಾದರು. ಆ ಗೆಲುವಿನ ಉತ್ಸಾಹದಲ್ಲಿ ಎದ್ದು ನಿಂತಾಗ ಸೀರೆಯ ಸೆರಗು ಗಾಲಿಯ ಕ್ಯಾಪಿಗೆ ಸಿಕ್ಕಿಕೊಂಡಿತ್ತು.

ಡೀಸೆಲ್ಲಿನ ಕನಸನ್ನೂ ಮೆಕ್ಯಾನಿಕ್ಕೇ ಒಡೆದ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂದಾದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಅಗ್ಗದ ಗಾಡಿಗಳು ಇಳಿದಿವೆ. ಅಂಥದ್ದೊಂದು ಕೊಪ್ಪದವರೆಗೂ ಬಂದಿತ್ತು. ರೇಟು ಕೇಳಿದರೆ ಬಾಯಲ್ಲಿ ನೀರು. ಆದರೆ ಎನ್‌ಒಸಿ, ಹೊಸ ನಂಬರು, ಇಲ್ಲಿನ ಜೀವಾವಧಿ ತೆರಿಗೆ ಎಲ್ಲ ಕೂಡಿಸಿದಾಗ ಅಗ್ಗ ಎಲ್ಲಿ ಹೋಯಿತು ಅಂತ ಗೊತ್ತಾಗಲಿಲ್ಲ. ಮೇಲಿಂದ ಅವನು, "ಟರ್ಬೋನೋ ಇಂಜೆಕ್ಟರೋ ಕೈಕೊಟ್ರೆ ನಿಮ್ಮ ಕೆಂಪು ಇಂಕಿನ ಉಳಿತಾಯ ಒಂದೇ ಬಿಲ್ಲಿಗೆ. ಪೆಟ್ರೋಲ್ ಮಾರುತಿ ತಗೊಳ್ಳಿ ಟೀಚರೇ. ಸಾಮಾನು ಕೊಪ್ಪದಲ್ಲೇ ಸಿಗುತ್ತೆ" ಎಂದ. ಇನ್ನೂರು ಪುಟದ ಕೋಷ್ಟಕದಲ್ಲಿ 'ಸಾಮಾನು ಕೊಪ್ಪದಲ್ಲಿ ಸಿಗುತ್ತದೆಯೇ' ಎಂಬ ಅಂಕಣವೇ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು 2019ರ ವ್ಯಾಗನ್‌ಆರ್, ಬೂದು ಬಣ್ಣ. ಅತ್ತೆ ಕೂತು ಎದ್ದು "ಅಡ್ಡಿಲ್ಲ" ಅಂದರು. ಹಿಂದಿನ ಜಾಗ ನೋಡಿ ಮನೆಯವರು ಕಣ್ಣಲ್ಲೇ ಚೀಲ ಜೋಡಿಸಿದರು. ಮೆಕ್ಯಾನಿಕ್ ಬೆಳಗಿನ ತಣ್ಣನೆ ಇಂಜಿನ್ ಚಾಲೂ ಮಾಡಿಸಿ, ಸೈಲೆನ್ಸರಿನ ಹೊಗೆಗೆ ಕೈಯೊಡ್ಡಿ ಮೂಸಿ, ಆಯಿಲ್ ಮುಚ್ಚಳ ತಿರುಗಿಸಿ ನೋಡಿ ತಲೆಯಾಡಿಸಿದ. ಮಾರುವವರು ಹೇಳಿದ್ದು ಮೂರು ಎಪ್ಪತ್ತು. ಒಳಗೆ ಚೌಕಾಸಿಗೆ ಕೂರುವ ಮೊದಲು ನಾನೂ ಮನೆಯವರೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಅವರು ಕೆಮ್ಮಿದರೆ ನಾನು "ಬೇಡ ನಡೀರಿ, ದುಬಾರಿ ಆಯ್ತು" ಎಂದು ಏಳಬೇಕು.

ಆದರೆ ಮಲೆನಾಡಿನಲ್ಲಿ ವ್ಯಾಪಾರಕ್ಕಿಂತ ಮೊದಲು "ಯಾವೂರಾಯ್ತು? ಯಾರ ಮನೆ?" ಆಗಬೇಕಲ್ಲ. ಎರಡೇ ನಿಮಿಷದಲ್ಲಿ ಆ ಮನೆಯ ಯಜಮಾನರ ಅತ್ತಿಗೆ ನಮ್ಮತ್ತೆಯ ಚಿಕ್ಕಮ್ಮನ ಮಗಳ ನೆಗೆಣ್ಣಿ ಎಂದು ಹೊರಬಿತ್ತು. ಅತ್ತೆ ಕಣ್ಣೊರೆಸಿಕೊಂಡರು. ಕಾಫಿ ಬಂತು, ಕರಿದ ಹಲಸಿನ ಹಪ್ಪಳ ಬಂತು. ಇನ್ನು ಬಿಟ್ಟರೆ ಮೂರು ಎಪ್ಪತ್ತೇ ಗತಿ ಎಂದು ಮನೆಯವರು ಕೆಮ್ಮಿದರು. ನಾನು ಏಳುವ ಮೊದಲೇ ಆ ಮನೆಯಮ್ಮ ಎದ್ದು, "ಅಯ್ಯೋ, ಮಳೆಯಲ್ಲಿ ಬಂದ್ರಲ್ಲ" ಎಂದು ಒಳಗೆ ಹೋದರು. ಇವರು ಇನ್ನೂ ಜೋರಾಗಿ ಕೆಮ್ಮಿದರು. ಮೆಣಸಿನ ಕಷಾಯ ಬಂತು, ದೊಡ್ಡ ಲೋಟದಲ್ಲಿ. ಕುಡಿದ ಮೇಲೆ ನಿಜವಾದ ಕೆಮ್ಮೇ ಶುರುವಾಯಿತು. ಕೊನೆಗೆ ಆ ಯಜಮಾನರೇ ಪಾಪ ಅನ್ನಿಸಿ, "ನಮ್ಮೋರೇ ಆದ್ರಲ್ಲ, ಹತ್ತು ಕಮ್ಮಿ ಕೊಡಿ" ಎಂದರು. ಮೂರು ಅರವತ್ತು. ಮೇಲೆ ಒಂದು ಕಟ್ಟು ಹಪ್ಪಳ. ಬಜೆಟ್ಟಿಗಿಂತ ಹೆಚ್ಚಾದ ಹತ್ತು ಸಾವಿರವನ್ನು ಮನೆಯವರು ಇವತ್ತಿಗೂ ಹಪ್ಪಳದ ಖಾತೆಗೆ ಬರೆಯುತ್ತಾರೆ.

ಕಾಗದಪತ್ರದ ಸಂಗತಿ ಉದ್ದ ಮಾಡುವುದಿಲ್ಲ. ಫಾರಂ 29, ಫಾರಂ 30. ಆರ್‌ಸಿಯಲ್ಲಿ ಹಳೇ ಸಾಲದ ನಮೂದಿದ್ದರೆ ಫಾರಂ 35. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ಸು ಗಾಡಿಯ ಜೊತೆ ಬರುವುದಿಲ್ಲ, ಅವರ ಹತ್ತಿರವೇ ಉಳಿಯುತ್ತದೆ, ಸಂಬಂಧಿಕರಾದರೂ ಅಷ್ಟೇ.

ಮಲೆನಾಡಿನಲ್ಲಿ ಎಸಿ ಎಂತಕ್ಕೆ ಎಂದು ನಾನು ಕೋಷ್ಟಕದಲ್ಲಿ ಎಸಿಗೆ ಸೊನ್ನೆ ಅಂಕ ಕೊಟ್ಟಿದ್ದೆ. ಜುಲೈ ತಿಂಗಳಲ್ಲಿ ಹರಿಹರಪುರದ ಹತ್ತಿರ ಗಾಜಿನ ಒಳಬದಿಗೆ ಮಂಜು ಕೂತು, ಎದುರಿಗೆ ಬರುತ್ತಿರುವುದು ಬಸ್ಸೋ ಮರವೋ ತಿಳಿಯದಾದಾಗ ಗುಂಡಿ ಒತ್ತಿದೆ. ಅರೆ ನಿಮಿಷದಲ್ಲಿ ಗಾಜು ನಿಚ್ಚಳ. ಬಸ್ಸಾಗಿತ್ತು. ಅಂದಿನಿಂದ ಚಳಿಗೆ ಸ್ವೆಟರ್ ಹಾಕಿಕೊಂಡು ಎಸಿ ಹಾಕಿಕೊಂಡು ಹೋಗುತ್ತೇನೆ. ನೋಡಿದವರು ನಗುತ್ತಾರೆ.

ಇಲಿಗಳು ವೈರು ಕಡಿಯಬಾರದು ಎಂದು ಅತ್ತೆ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ಇಟ್ಟಿದ್ದಾರೆ. ಉಪಾಯ ಫಲಿಸಿದೆ, ಇಲಿ ಬಂದಿಲ್ಲ. ಇಂಜಿನ್ ಬಿಸಿಯಾದಂತೆ ವಾಸನೆ ಒಳಗೆಲ್ಲ ತುಂಬುತ್ತದೆ. ಶಾಲೆಯಲ್ಲಿ ನೆರಳಿರುವುದು ಗೇಟಿನ ಹತ್ತಿರ ಒಂದೇ ಕಡೆ, ನಾನು ನಿಲ್ಲಿಸುವುದೂ ಅಲ್ಲೇ. ಮೇಲೆ ಬೋರ್ಡಿದೆ: ಶಾಲೆಯ ನೂರು ಗಜದೊಳಗೆ ತಂಬಾಕು ಮಾರಾಟ ಶಿಕ್ಷಾರ್ಹ ಅಪರಾಧ. ಹತ್ತನೇ ತರಗತಿಯ ಹುಡುಗರು ಬೋರ್ಡನ್ನೂ ಕಾರನ್ನೂ ನನ್ನನ್ನೂ ಸರದಿಯಂತೆ ನೋಡುತ್ತಾರೆ.

ಐವತ್ತು ಕಿಲೋಮೀಟರಿನ ಟಾರು ರಸ್ತೆಗೆ ಯಾವ ಕಾರಾದರೂ ಸಾಕು. ನಮ್ಮ ಕಡೆ ಕಾರನ್ನು ಆರಿಸಬೇಕಾದದ್ದು ಉಣಗೋಲಿನಿಂದ ಅಂಗಳದವರೆಗಿನ ಕಡೇ ಏರಿಗೆ. ಸಂಜೆ ಮಳೆಯಲ್ಲಿ ಮನೆಯವರ ಚೀಲ, ಅತ್ತೆಯ ದಿನಸಿ, ದಾರಿಯಲ್ಲಿ ಹತ್ತಿಸಿಕೊಂಡ ಪಕ್ಕದ ಮನೆಯವರು ಎಲ್ಲ ಸೇರಿ ಆ ಕೆಂಪು ಜಾರಿನಲ್ಲಿ ಗಾಲಿ ಸುಮ್ಮನೆ ತಿರುಗಿದಾಗ ಜನರನ್ನು ಇಳಿಸುತ್ತೇನೆ. ಚೀಲ ಇಳಿಸಲು ಮನೆಯವರು ಒಪ್ಪುವುದಿಲ್ಲ, ಅಡಿಕೆ ನೆನೆಯುತ್ತದಂತೆ. ಇಳಿದವರಿಗೆ ಇಂಬಳ ಹತ್ತುತ್ತದೆ, ಕಾರೂ ಹತ್ತುತ್ತದೆ. ಹಳೇ ಕಾರು ಕೊಳ್ಳುವವರು ಟೆಸ್ಟ್ ಡ್ರೈವನ್ನು ಮಾರುವವರ ರಸ್ತೆಯಲ್ಲಿ ಮಾಡದೆ ತಮ್ಮ ಮನೆಯ ಏರಿನಲ್ಲೇ ಮಾಡಲಿ, ಅದೂ ಅತ್ತೆಯನ್ನು ಕೂರಿಸಿಕೊಂಡು.

ಇನ್ನೊಂದು ವಿನಂತಿ. ಕೊಪ್ಪ-ಎನ್.ಆರ್. ಪುರ ರಸ್ತೆಯಲ್ಲಿ ಬೆಳಗಿನ ಹೊತ್ತು ಬೂದು ಬಣ್ಣದ ವ್ಯಾಗನ್‌ಆರ್ ಏರಿನ ಮಧ್ಯ ನಿಂತ ಹಾಗೆ ಕಂಡರೆ ಅದು ನಿಂತಿಲ್ಲ, ಫಸ್ಟ್ ಗೇರ್ ಹುಡುಕುತ್ತಿದೆ. ದಯವಿಟ್ಟು ಹಿಂದಿನಿಂದ ಹಾರ್ನ್ ಮಾಡಬೇಡಿ. ಸ್ವಲ್ಪ ಅಂತರವನ್ನೂ ಬಿಡಿ, ಒಮ್ಮೊಮ್ಮೆ ಹಿಂದಕ್ಕೆ ಬರುತ್ತದೆ.