ದ್ವಿರೂಟರ್ ಮೀಮಾಂಸೆ: ಕುಂಬಳೆ ಸೀಮೆಯ ಪ್ಲೇಸ್ಟೇಷನ್ ಪಾರ್ಟಿಗೆ ಸೇರದಿರುವ ಕಾರಣಗಳ ವಿಚಾರ

ಒಂದೋ ಎರಡೋ ಎಂಬ ಜಗಳಕ್ಕೆ ಕುಂಬಳೆ ಸೀಮೆಗಿಂತ ಪ್ರಶಸ್ತವಾದ ಕಣ ಸಿಗುವುದು ಕಷ್ಟ. ಹದಿಮೂರನೆಯ ಶತಮಾನದಲ್ಲಿ, ಕುಂಬಳೆಯ ಅರಸು ಜಯಸಿಂಹನ ಕಾಲಕ್ಕೆ, ಅದ್ವೈತಿಗಳಾಗಿದ್ದ ತ್ರಿವಿಕ್ರಮ ಪಂಡಿತರು ಮಧ್ವಾಚಾರ್ಯರೊಡನೆ ದಿನಗಟ್ಟಲೆ ವಾದಿಸಿ ಕೊನೆಗೆ ಅವರ ಶಿಷ್ಯರೇ ಆದದ್ದು ಈ ಸೀಮೆಯಲ್ಲಿ. ಪ್ರಕರಣ ಅಲ್ಲಿಗೆ ಮುಗಿಯಿತೆಂದು ವಿದ್ವಾಂಸರು ನಂಬಿದ್ದರು. ಮುಗಿದಿಲ್ಲ. ನೀರ್ಚಾಲು, ಪೆರ್ಲ, ಬದಿಯಡ್ಕದ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಹಿಂದೆ ಅದೇ ಪ್ರಶ್ನೆ ಹಸಿರು ದೀಪ ಮಿನುಗಿಸುತ್ತ ಕೂತಿದೆ: ಮನೆಗೆ ರೂಟರ್ ಒಂದೋ, ಎರಡೋ?

ಶಾಸ್ತ್ರದ ಪ್ರಕಾರ ಅಧಿಕರಣಕ್ಕೆ ಐದು ಅಂಗ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಇಲ್ಲಿಯೂ ಅದೇ ಕ್ರಮ. ನಡುವೆ ಕರೆಂಟು ಹೋದರೆ ಪ್ರಬಂಧಕಾರ ಹೊಣೆಯಲ್ಲ.

ವಿಷಯವಾಕ್ಯ ಒಬ್ಬ ಮಾಣಿಯ ಬಾಯಿಂದ ಬಂದದ್ದು: "ಅಪ್ಪಾ, ನೆಟ್ಟು ಇದ್ದು, ಪಾರ್ಟಿಗೆ ಸೇರ್ಲೆ ಎಡಿತ್ತಿಲ್ಲೆ." ಇಂಟರ್ನೆಟ್ಟು ಇದೆ ಎನ್ನುವಂತಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ; ಸತ್ತೂ ಅಲ್ಲ, ಅಸತ್ತೂ ಅಲ್ಲ. ಯೂಟ್ಯೂಬ್ ಓಡುತ್ತದೆ, ಆಟ ಡೌನ್‌ಲೋಡ್ ಆಗುತ್ತದೆ, ಬೆಂಗಳೂರಿನ ದೊಡ್ಡಪ್ಪನ ಮಗನ ಜೊತೆ ಮಾತಾಡುತ್ತ ಫುಟ್ಬಾಲ್ ಆಡಲು ಹೊರಟರೆ ಮಾತ್ರ ಮೌನ. ನೆಟ್‌ವರ್ಕ್ ಪರೀಕ್ಷೆ ಮಾಡಿಸಿದರೆ ಪ್ಲೇಸ್ಟೇಷನ್ ಎಲ್ಲದಕ್ಕೂ 'ಸಫಲ' ಎಂದು ಹೇಳಿ, ಕೊನೆಗೊಂದು ಸಾಲು ಸೇರಿಸುತ್ತದೆ: ನ್ಯಾಟ್ ಟೈಪ್ 3. ಎಕ್ಸ್‌ಬಾಕ್ಸ್ ಪಾಠದಲ್ಲಿ ಇದೇ ಸಾಲು 'ಸ್ಟ್ರಿಕ್ಟ್' ಎಂದಿದೆ. ಪಾಠಾಂತರದಿಂದ ಅರ್ಥಭೇದವಿಲ್ಲ.

ಸಂಶಯ ಯಾರ ಮೇಲೆ ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು.

ಪೂರ್ವಪಕ್ಷದಲ್ಲಿ ಮೊದಲು ನಿಲ್ಲುವವರು ಪುನರ್ಜನ್ಮವಾದಿಗಳು. ಸ್ವಿಚ್ಚು ತೆಗೆ, ಅರ್ಧ ನಿಮಿಷ ಕಾಯಿ, ಹಾಕು. ಇವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರೂಟರಿನ ಹೊಟ್ಟೆಯೊಳಗೆ ಯಾವ ಬಾಗಿಲು ಯಾವ ಯಂತ್ರಕ್ಕೆ ಎಂಬ ಪಟ್ಟಿಯೊಂದಿದೆ, ಹಳೆಯ ಲೆಕ್ಕ ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಮರುಜನ್ಮದಿಂದ ಅದು ತೊಳೆದುಹೋಗುತ್ತದೆ. ಆದರೆ ಕರ್ಮಶೇಷ ಇದ್ದವರಿಗೆ ಎಷ್ಟು ಜನ್ಮವಾದರೂ ಟೈಪ್ 3 ತಪ್ಪುವುದಿಲ್ಲ.

ಎರಡನೆಯವರು ಆಟಿವಾದಿಗಳು. ಇವರಿಗೆ ಜಗತ್ತಿನ ಸಕಲ ದೋಷಕ್ಕೂ ಆಟಿ ತಿಂಗಳ ಮಳೆಯೇ ಕಾರಣ. ಫೈಬರಿನಲ್ಲಿ ಹರಿಯುವುದು ಬೆಳಕು, ಅದು ಮಳೆಗೆ ನೆನೆಯುವುದಿಲ್ಲ. ಹಾಗೆಂದು ಇವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ನಮ್ಮಲ್ಲಿ ಆ ಬೆಳಕು ಕಂಬದಿಂದ ತೆಂಗಿಗೆ, ತೆಂಗಿನಿಂದ ಹಲಸಿಗೆ, ಅಲ್ಲಿಂದ ಮನೆಯ ಮಾಡಿಗೆ ಬರುವ ದಾರಿಯಲ್ಲಿ ಒಂದು ಮಡಲು ಬಿದ್ದರೆ ಸಾಕು. ಆಗ ಕಂಪನಿಯವರು ಕೊಟ್ಟ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಇದು ಪ್ರತ್ಯಕ್ಷ ಪ್ರಮಾಣ. ಕೆಂಪು ಕಂಡವರು ಈ ಪ್ರಬಂಧ ಮುಚ್ಚಿಟ್ಟು ಕೇಬಲಿನವರಿಗೆ ಫೋನ್ ಮಾಡುವುದು. "ನಾಳೆ ವರಾಂ" ಎಂಬ ಉತ್ತರ ಬರುತ್ತದೆ. ಆ 'ನಾಳೆ' ಯಾವ ಪಂಚಾಂಗದ್ದೆಂದು ಜ್ಯೋತಿಷಿಗಳಲ್ಲೂ ಒಮ್ಮತವಿಲ್ಲ.

ಮುರಕಲ್ಲುವಾದಿಗಳದ್ದು ಮೂರನೆಯ ಮತ. ಹಳೆಯ ಮನೆಯ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟಲಾರದು, 2.4 ಆದರೆ ಏದುಸಿರು ಬಿಡುತ್ತ ದಾಟುತ್ತದೆ. ಇದು ನಿಜ. ಚಾವಡಿಯಲ್ಲಿ ರೂಟರ್, ಹಿಂದಿನ ಕೋಣೆಯಲ್ಲಿ ಆಟ ಎಂದಾದರೆ ಲ್ಯಾನ್ ವಯರ್ ಎಳೆಯುವುದೇ ಲೇಸು. ಆದರೆ ಗೋಡೆಯಿಂದ ಬರುವ ರೋಗ ನಿಧಾನ, ತಡವರಿಕೆ, ನಡುನಡುವೆ ಕಡಿಯುವುದು. ನ್ಯಾಟ್ ದೋಷ ಗೋಡೆಗೆ ಅಂಟುವುದಿಲ್ಲ.

ಇನ್ನು ಮಾಂತ್ರಿಕರು. ಯೂಟ್ಯೂಬಿನ ಶಬ್ದಪ್ರಮಾಣವೇ ಇವರ ಬಲ. ಡಿಎನ್‌ಎಸ್ ಜಾಗದಲ್ಲಿ 8.8.8.8 ಬರೆ, ಎಂಟಿಯು 1473 ಮಾಡು, ಎಲ್ಲ ಸರಿಯಾಗುತ್ತದೆ. ಡಿಎನ್‌ಎಸ್ ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಗುಮಾಸ್ತ. ಗುಮಾಸ್ತನನ್ನು ಬದಲಿಸಿದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುವುದಿಲ್ಲ. 1473ರ ಮಹಿಮೆ ಬಲ್ಲವರು ಪ್ರಬಂಧಕಾರನಿಗೆ ಈವರೆಗೆ ಭೇಟಿಯಾಗಿಲ್ಲ.

ಈಗ ಸಿದ್ಧಾಂತ. ಹಳೆಯ ಐಪಿ ವಿಳಾಸಕ್ಕೆ 32 ಬಿಟ್, ಅಂದರೆ ಲೋಕಕ್ಕೆಲ್ಲ ಸೇರಿ ಸುಮಾರು 429 ಕೋಟಿ ವಿಳಾಸ. ಕೇಂದ್ರ ಉಗ್ರಾಣದ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಮೊದಲೇ ಇದನ್ನು ಊಹಿಸಿದವರು ಮನೆಯೊಳಗಿನ ಬಳಕೆಗೆಂದು 192.168ರಿಂದ ಸುರುವಾಗುವಂಥ ವಿಳಾಸಗಳನ್ನು 1994ರಲ್ಲಿಯೇ ಬೇರೆ ತೆಗೆದಿಟ್ಟಿದ್ದರು. ಒಳಗಿನ ಈ ವಿಳಾಸ ಹೊರಗೆ ಸಲ್ಲದು. ಹೊಸ್ತಿಲಲ್ಲಿ ಕೂತ ರೂಟರು ಒಳವಿಳಾಸ ಅಳಿಸಿ ಹೊರವಿಳಾಸ ಬರೆದು ಕಳಿಸುತ್ತದೆ. ಇದೇ ನ್ಯಾಟ್. ಹೊರಗಿಂದ ಗೆಳೆಯನ ದನಿ ಒಳಬರಬೇಕಾದರೆ ಬಾಗಿಲು ತೆರೆದಿರಬೇಕು. ಯುಪಿಎನ್‌ಪಿ ಎಂಬ ಏರ್ಪಾಡಿದ್ದರೆ ಪ್ಲೇಸ್ಟೇಷನ್ ತಾನೇ ರೂಟರಿಗೆ ಕೇಳಿ ತೆರೆಸಿಕೊಳ್ಳುತ್ತದೆ.

ತೊಂದರೆ ಹುಟ್ಟುವುದು ಇಲ್ಲಿ. ಫೈಬರ್ ಹಾಕಿದವರು ಕೊಟ್ಟ ಬಿಳಿ ಪೆಟ್ಟಿಗೆಯೇ ಒಂದು ರೂಟರ್. ಅದರ ವೈಫೈ ಸಾಲದೆಂದು ಮನೆಯವರು ಕಾಸರಗೋಡು ಪೇಟೆಯಿಂದ ನಾಲ್ಕು ಕೊಂಬಿನದ್ದೊಂದು ತಂದು ಅದರ ಬಾಲಕ್ಕೆ ಕಟ್ಟುತ್ತಾರೆ. ಈಗ ಎರಡು ಹೊಸ್ತಿಲು, ಎರಡು ನ್ಯಾಟ್. ಪ್ಲೇಸ್ಟೇಷನ್ ಕೇಳಿದ್ದನ್ನು ಕೊಂಬಿನ ರೂಟರ್ ಕೊಟ್ಟಿತು; ಬಿಳಿ ಪೆಟ್ಟಿಗೆಗೆ ಸುದ್ದಿಯೇ ಇಲ್ಲ.

ಅದ್ವೈತಿಗಳ ಪರಿಹಾರ: ಬಿಳಿ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ ಹಾಕುವುದು, ಇಲ್ಲವೇ ಕೊಂಬಿನದ್ದನ್ನು ಆಕ್ಸೆಸ್ ಪಾಯಿಂಟ್ ಮಾಡುವುದು. ಎರಡರಲ್ಲಿ ಒಂದು ತನ್ನ ಅಹಂಕಾರ ಬಿಟ್ಟು ಬರಿಯ ದಾರಿಯಾಗುತ್ತದೆ. ದ್ವೈತಿಗಳು ಭೇದ ಸತ್ಯವೆಂದು ಒಪ್ಪಿ ಎರಡೂ ಪೆಟ್ಟಿಗೆಗಳಲ್ಲಿ ಪೋರ್ಟ್ ತೆರೆಯುತ್ತಾರೆ: ಪ್ಲೇಸ್ಟೇಷನ್ನಿಗೆ 3478ರಿಂದ 3480, ಎಕ್ಸ್‌ಬಾಕ್ಸಿಗೆ 3074. ಪ್ರಬಂಧಕಾರನ ಒಲವು ಅದ್ವೈತಕ್ಕೆ. ಬರೆಯುವ ಕೆಲಸ ಕಡಿಮೆ.

ಫಲದಲ್ಲಿ ತಾರತಮ್ಯವಿದೆ. ಟೈಪ್ 1, ನಡುವೆ ರೂಟರೇ ಇಲ್ಲದೆ ನೇರ ಸಾಯುಜ್ಯ, ಮುಕ್ತಿಯೋಗ್ಯ. ಟೈಪ್ 2 ನಿತ್ಯಸಂಸಾರಿ, ಮನೆಮಂದಿಗೆ ಅಷ್ಟು ಧಾರಾಳ. ಟೈಪ್ 3 ತಮೋಯೋಗ್ಯ. ಮಾಧ್ವಮತದಲ್ಲಿ ತಮೋಯೋಗ್ಯರಿಗೆ ಬಡ್ತಿಯಿಲ್ಲ. ಸೋನಿಮತದಲ್ಲಿ ಉಂಟು.

ಇಷ್ಟೆಲ್ಲ ಮಾಡಿಯೂ ಟೈಪ್ 3ರಲ್ಲೇ ಉಳಿದವರು ರೂಟರಿನ ಪುಟದಲ್ಲಿ ಹೊರವಿಳಾಸ ಏನಿದೆ ನೋಡಬೇಕು. ಅದು 100.64ರಿಂದ 100.127ರೊಳಗೆ ಇದ್ದರೆ, ಮೇಲೆ ಮೂರನೆಯ ನ್ಯಾಟ್ ಒಂದಿದೆ, ಅದು ಕಂಪನಿಯದ್ದು. ವಿಳಾಸಗಳ ಬರ ಬಂದ ಮೇಲೆ, 2012ರಲ್ಲಿ, ಇಂಥ ಬಳಕೆಗೆಂದೇ ಈ ಸಂಖ್ಯೆಗಳನ್ನು ಮೀಸಲಿಟ್ಟರು. ನೂರಾರು ಮನೆ ಒಂದೇ ಹೊರವಿಳಾಸದಡಿ. ಸ್ವಂತ ಗುಡ್ಡೆಗೆ ನಾವು ಎಷ್ಟು ಉದ್ದದ ಸುರಂಗ ಕೊರೆದರೂ ನೀರಿನ ಸೆಲೆ ಪಕ್ಕದವರ ಗುಡ್ಡೆಯಲ್ಲಿದ್ದರೆ ಬರುವುದು ಬರೀ ಮಣ್ಣು.

ಒಳಗೊಂದು ವಿಳಾಸ, ಹೊರಗೆ ಕಾಣುವುದು ಇನ್ನೊಂದು ಎಂಬ ಸ್ಥಿತಿ ಕಾಸರಗೋಡಿನ ಕನ್ನಡಿಗನಿಗೆ ಹೊಸದಲ್ಲ. ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಅಭ್ಯಾಸವಾಗಿದೆ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನೆಲ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಪೋರ್ಟ್ ಫಾರ್ವರ್ಡಿಂಗ್ ಬರೆದುಕೊಟ್ಟಿತು. ಮೇಲಿನ ರೂಟರ್ ಅದನ್ನು ಸೇವ್ ಮಾಡಲಿಲ್ಲ.

ಸಂಗತಿ ಎಂಬ ಐದನೆಯ ಅಂಗಕ್ಕೆ ಹೇಳಬೇಕಾದ್ದು ಪೂರ್ತಿ ಲೌಕಿಕ. ಮೂರನೆಯ ನ್ಯಾಟಿಗೆ ಮನೆಯಲ್ಲಿ ಮದ್ದಿಲ್ಲ, ಕಂಪನಿಯಲ್ಲೇ ಕೇಳಬೇಕು. ಕೇಳುವಾಗ "ನೆಟ್ ಸ್ಲೋ" ಎಂದು ಮಾತ್ರ ಹೇಳಬೇಡಿ. ಹೇಳಿದರೆ ಪುನರ್ಜನ್ಮವಾದಿಗಳ ಕೈಗೆ ಸಿಕ್ಕಿ ಸ್ವಿಚ್ಚು ತೆಗೆದು ಹಾಕುವುದರಲ್ಲೇ ಸಂಜೆಯಾಗುತ್ತದೆ. "ಪಬ್ಲಿಕ್ ಐಪಿ ವೇಣಂ" ಎಂದು ನೇರ ಹೇಳಿ. ತಿಂಗಳಿಗೆ ಹೆಚ್ಚುವರಿ ಹಣ ಕೇಳಿದರೆ, ಮಾಣಿಯ ಆಟ ಅಷ್ಟಕ್ಕೆ ಬಾಳುತ್ತದೋ ಎಂದು ಅವನ ಅಮ್ಮನ ಹತ್ತಿರ ವಿಚಾರಿಸಿ ಕಟ್ಟಿ. ಉತ್ತರ ಬರುವವರೆಗೆ ಪೇಟೆಗೆ ಹೋಗಿ ಇನ್ನೊಂದು ರೂಟರ್ ಮಾತ್ರ ತರಬೇಡಿ, ಎಂಟು ಕೊಂಬಿನದ್ದಾದರೂ ಸರಿ.